ವೀಣೆಯ ತಂತಿ, ವಿಮಾನದ ಕಾಲು

ಒಂದು ಕಿಲೋ ತೂಗುವ ಪುಟ್ಟ ವಿಮಾನ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಇಳಿದು ನೆಲ ಮುಟ್ಟುತ್ತದೆ ಎಂದುಕೊಳ್ಳಿ. ಅರ್ಧ ಗೇಣು ಮೇಲಿನಿಂದ ಕೈಬಿಟ್ಟರೆ ಬೀಳುವಷ್ಟೇ ಪೆಟ್ಟು ಅದು. ಆ ಪೆಟ್ಟು ಒಂದೇ ಮಿಲಿಮೀಟರಿನೊಳಗೆ ನಿಲ್ಲಬೇಕಾದರೆ ಕಾಲುಗಳ ಮೇಲೆ ಸರಾಸರಿ 115 ಕಿಲೋ ಭಾರ ಬೀಳುತ್ತದೆ. ಅದನ್ನೇ 20 ಮಿಲಿಮೀಟರ್ ದೂರಕ್ಕೆ ಹಂಚಿ ನಿಲ್ಲಿಸಿದರೆ ಭಾರ ಆರೇಳು ಕಿಲೋಗೆ ಇಳಿಯುತ್ತದೆ. ಬಾಲ್ಸಾ ಮರದಲ್ಲೋ ಥರ್ಮೊಕೋಲಿನಲ್ಲೋ ಮಾಡಿದ ಒಡಲು ಆರೇಳು ಕಿಲೋ ತಡೆದುಕೊಳ್ಳುತ್ತದೆ, 115 ಕಿಲೋ ತಡೆಯಲಾರದು. ಮಾದರಿ ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಸ್ಪ್ರಿಂಗ್ ಏಕೆ ಬೇಕು ಎಂದರೆ ಇಷ್ಟೇ ಉತ್ತರ.

ಆದರೆ ಆ 20 ಮಿಲಿಮೀಟರನ್ನು ಕೊಡುವ ತಂತಿ ಯಾವುದು, ಎಲ್ಲಿ ಸಿಗುತ್ತದೆ, ಅದನ್ನು ಸುತ್ತುವುದು ಹೇಗೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಂಜನಗೂಡಿನ ಸೈಕಲ್ ಅಂಗಡಿಯಿಂದ ಮೈಸೂರಿನ ವೀಣೆಗೆ, ಅಲ್ಲಿಂದ ಚನ್ನಪಟ್ಟಣದ ಕುಲುಮೆಗೆ, ಕೊನೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಬೇಕಾಗುತ್ತದೆ. ನಾನು ಹೇಳಹೊರಟಿರುವುದು ಆ ಹುಡುಕಾಟದ ಕತೆ.

ಗದ್ದೆಯೇ ರನ್‌ವೇ

ನಂಜನಗೂಡಿನ ಹುಡುಗರಿಗೆ ವಿಮಾನದ ಮೇಲೆ ಆಸೆ ಹುಟ್ಟಲು ಬೇರೆ ಕಾರಣ ಬೇಕಿಲ್ಲ. ಮೈಸೂರಿಗೆ ಹೋಗುವ ದಾರಿಯ ಪಕ್ಕದಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣವಿದೆ. ಮೈಸೂರು ಸಂಸ್ಥಾನ 1940ರಲ್ಲಿ ಕಟ್ಟಿಸಿದ್ದು ಅದು. ಅದೇ ವರ್ಷದ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್.ಟಿ.-2, 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಮುಂದೆ ಎರಡು ಗಾಲಿ, ಬಾಲಕ್ಕೊಂದು ಪುಟ್ಟ ಗಾಲಿ, ಮಡಚದ ಗಟ್ಟಿ ಕಾಲು. ಮಾದರಿ ಮಾಡಲು ಹೊರಟವರಿಗೆ ಇಂದಿಗೂ ಅದಕ್ಕಿಂತ ಒಳ್ಳೆಯ ನಕಾಶೆ ಸಿಗುವುದು ಕಷ್ಟ.

ದೊಡ್ಡ ವಿಮಾನಕ್ಕೆ ಡಾಂಬರಿನ ರನ್‌ವೇ ಇದೆ. ನಮ್ಮ ಪುಟ್ಟ ವಿಮಾನಕ್ಕೆ ಇರುವುದು ಕುಯ್ಲು ಮುಗಿದ ಗದ್ದೆ. ಕಪಿಲೆಯ ನಾಲೆ ನೀರು ಕುಡಿದ ಬಯಲಿನಲ್ಲಿ ಭತ್ತದ ಕೂಳೆ ಗಟ್ಟಿಯಾಗಿ ನಿಂತಿರುತ್ತದೆ, ನೆಲ ಬಿರಿದಿರುತ್ತದೆ, ನಾಲ್ಕು ಮಾರಿಗೊಂದು ಬದು ಅಡ್ಡ ಬರುತ್ತದೆ. ತಿರುಮಕೂಡಲು ನರಸೀಪುರದ ಸಂಗಮದ ಕಡೆಗೋ ತಲಕಾಡಿನ ಕಡೆಗೋ ಹೋದರೆ ಮರಳು. ಅಲ್ಲಿ ಗಾಲಿ ಹೂತು ಮೂಗು ನೆಲಕ್ಕೆ ಬಡಿಯುತ್ತದೆ. ಇಂಥ ನೆಲದಲ್ಲಿ ಇಳಿಯುವ ವಿಮಾನದ ಕಾಲಿಗೆ ಮೂರು ಗುಣ ಬೇಕು. ಪೆಟ್ಟು ಬಿದ್ದಾಗ ಬಾಗಬೇಕು, ಬಾಗಿದಷ್ಟೂ ಹಿಂದಕ್ಕೆ ಬರಬೇಕು, ಇದೆಲ್ಲ ಮಾಡಿಯೂ ಹಗುರಾಗಿರಬೇಕು. ಮೂರೂ ಒಟ್ಟಿಗೆ ಸಿಗುವ ವಸ್ತುವಿನ ಹುಡುಕಾಟ ಇಲ್ಲಿಂದ ಶುರುವಾಗುತ್ತದೆ.

ಕೈಗೆ ಸಿಕ್ಕ ತಂತಿಗಳು

ಮೊದಲು ಕೈಗೆ ಸಿಗುವುದು ಹಾರ್ಡ್‌ವೇರ್ ಅಂಗಡಿಯ ಜಿ.ಐ. ತಂತಿ. ಬೇಕಾದ ಆಕಾರಕ್ಕೆ ಇಕ್ಕಳದಲ್ಲಿ ಸುಲಭವಾಗಿ ಬಗ್ಗುತ್ತದೆ. ಆ ಸುಲಭವೇ ಅದರ ದೋಷ. ಇಕ್ಕಳಕ್ಕೆ ಸುಲಭವಾಗಿ ಬಗ್ಗಿದ್ದು ನೆಲಕ್ಕೂ ಅಷ್ಟೇ ಸುಲಭವಾಗಿ ಬಗ್ಗುತ್ತದೆ, ಬಗ್ಗಿದಲ್ಲೇ ಉಳಿಯುತ್ತದೆ. ಒಂದು ಸಲ ಇಳಿಸಿದರೆ ಗಾಲಿಗಳೆರಡೂ ಆಚೀಚೆ ಚಾಚಿಕೊಂಡು ವಿಮಾನದ ಹೊಟ್ಟೆ ನೆಲಕ್ಕೆ ತಾಕುತ್ತದೆ. ದಪ್ಪ ತಂತಿ ಹಾಕಿದರೆ ಕಾಲು ಬಗ್ಗುವುದಿಲ್ಲ, ಬದಲಿಗೆ ಪೆಟ್ಟು ನೇರವಾಗಿ ಒಡಲಿಗೆ ಹೋಗಿ ಕಾಲು ಕೂರಿಸಿದ ಹಲಗೆಯೇ ಕಿತ್ತುಬರುತ್ತದೆ.

ಎರಡನೆಯದು ಸೈಕಲ್ಲಿನ ಕಡ್ಡಿ. ಸುಮಾರು ಎರಡು ಮಿಲಿಮೀಟರ್ ದಪ್ಪ, ನೇರ, ಜಿ.ಐ. ತಂತಿಗಿಂತ ಎಷ್ಟೋ ಗಟ್ಟಿ. ಅರ್ಧ ಕಿಲೋದೊಳಗಿನ ವಿಮಾನಕ್ಕೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಚೂಪಾಗಿ ಬಗ್ಗಿಸಿದ ಮೂಲೆಯಲ್ಲಿ ಕೆಲವೇ ದಿನಗಳಲ್ಲಿ ಬಿರುಕು ಕಾಣುತ್ತದೆ. ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಇದು ಎಳೆತ ತಡೆಯೋಕೆ ಮಾಡಿರೋ ಕಡ್ಡಿ ಕಣಪ್ಪ, ಬಗ್ಗಿಸಿ ಬಗ್ಗಿಸಿ ಆಡೋಕಲ್ಲ." ಚಕ್ರದಲ್ಲಿ ಕಡ್ಡಿಗಳು ಹೊರುವುದು ಎಳೆತವನ್ನೇ, ಬಾಗುವ ಕೆಲಸ ಅವಕ್ಕಿಲ್ಲ.

ಕೊಡೆಯ ಕಡ್ಡಿ ಮೂರನೆಯದು. ಅದು ನಿಜವಾದ ಸ್ಪ್ರಿಂಗ್ ಗುಣದ ಉಕ್ಕೇ. ಆದರೆ ಅದರ ಅಡ್ಡಕೊಯ್ತ ದೋಣಿಯ ಆಕಾರದ್ದು. ಒಂದು ದಿಕ್ಕಿಗೆ ಚೆನ್ನಾಗಿ ಬಾಗಿ ಬರುತ್ತದೆ, ಪಕ್ಕಕ್ಕೆ ತಿರುಚಿದರೆ ತಟ್ಟನೆ ಮಡಚಿಕೊಳ್ಳುತ್ತದೆ. ಹಳೆಯ ಅಲಾರಂ ಗಡಿಯಾರದ ಪಟ್ಟಿ ಸ್ಪ್ರಿಂಗ್ ಉತ್ತಮ ಉಕ್ಕು, ಆದರೆ ಅದಕ್ಕೆ ತೂತು ಕೊರೆಯಲಾಗದು, ಚಿಕ್ಕ ತಿರುವಿಗೆ ಬಗ್ಗಿಸಿದರೆ ಮುರಿಯುತ್ತದೆ. ಬ್ರೇಕ್ ಕೇಬಲ್ಲಿನ ಒಳತಂತಿ ಹಲವು ಎಳೆಗಳ ಹುರಿ, ಅದಕ್ಕೆ ನೆಟ್ಟಗೆ ನಿಲ್ಲುವ ಶಕ್ತಿಯೇ ಇಲ್ಲ. ಬಾಲ್‌ಪೆನ್ನಿನ ಸ್ಪ್ರಿಂಗ್ ಎಲ್ಲರ ಜೇಬಿನಲ್ಲೂ ಇದೆ. ಅದರ ತಂತಿ ಸುಮಾರು 0.4 ಮಿಲಿಮೀಟರ್. ಒಂದು ಮಿಲಿಮೀಟರ್ ಒತ್ತಲು 40 ಗ್ರಾಂ ಸಾಕು. ಅಂಥ ಎರಡು ಸ್ಪ್ರಿಂಗುಗಳನ್ನು 20 ಮಿಲಿಮೀಟರ್ ಒತ್ತಿದರೂ ಒಂದು ಕಿಲೋ ವಿಮಾನದ ಪೆಟ್ಟಿನ ಏಳನೇ ಒಂದು ಪಾಲನ್ನಷ್ಟೇ ನುಂಗುತ್ತವೆ. ಬಾಲದ ಗಾಲಿಗೆ ಸರಿ, ಮುಖ್ಯ ಕಾಲಿಗೆ ಸಾಲದು.

ಇಷ್ಟನ್ನು ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾಲಿನ ಆಕಾರಕ್ಕಿಂತ ಮೊದಲು ಗೆಲ್ಲಬೇಕಾದದ್ದು ತಂತಿ.

ಹುಕ್ ಕಂಡ ನಿಯಮ

ಸ್ಪ್ರಿಂಗಿನ ಮೂಲ ನಿಯಮವನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. 1660ರ ಹೊತ್ತಿಗೇ ಆತನಿಗೆ ಅದು ಹೊಳೆದಿತ್ತು. ಗಡಿಯಾರದೊಳಗೆ ಸುರುಳಿ ಸ್ಪ್ರಿಂಗ್ ಕೂರಿಸುವ ಪೈಪೋಟಿಯ ಕಾಲ ಅದು. ಬೇರೆಯವರು ಕದ್ದಾರು ಎಂದು 1676ರಲ್ಲಿ ಆತ ತನ್ನ ನಿಯಮವನ್ನು ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ. ಒಗಟನ್ನು ಬಿಡಿಸಿದ್ದು 1678ರಲ್ಲಿ: ಹಿಗ್ಗುವಿಕೆ ಎಷ್ಟೋ ಬಲವೂ ಅಷ್ಟು. ಒಂದು ಕಿಲೋ ಇಟ್ಟರೆ ಮೂರು ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಎರಡು ಕಿಲೋಗೆ ಆರು ಮಿಲಿಮೀಟರ್ ಕುಗ್ಗುತ್ತದೆ. ತೂಕ ತೆಗೆದರೆ ಮೊದಲಿದ್ದಲ್ಲಿಗೆ ಬರುತ್ತದೆ.

ಈ ನಿಯಮಕ್ಕೆ ಒಂದು ಗಡಿ ಇದೆ. ಪ್ರತಿ ಲೋಹವೂ ಒಂದು ಮಟ್ಟದವರೆಗೆ ಮಾತ್ರ ಹಿಂದಕ್ಕೆ ಬರುತ್ತದೆ. ಆ ಮಟ್ಟ ದಾಟಿದರೆ ಬಾಗಿದಲ್ಲೇ ನಿಲ್ಲುತ್ತದೆ. ಮೆದು ಕಬ್ಬಿಣದ ಗಡಿ ಬಹಳ ಹತ್ತಿರ, ಗಟ್ಟಿ ಉಕ್ಕಿನ ಗಡಿ ಬಹಳ ದೂರ. ಒಳ್ಳೆಯ ಸ್ಪ್ರಿಂಗ್ ತಂತಿಯೆಂದರೆ ಗಡಿ ದೂರವಿರುವ ತಂತಿ. ಹಾಗಾದರೆ ಯಾವ ಕಸುಬಿನವರು ಅಂಥ ತಂತಿಯನ್ನು ದಿನನಿತ್ಯ ಬಳಸುತ್ತಾರೆ?

ಲೋಕದ ತುಂಬ ವಿಮಾನದ ಮಾದರಿ ಮಾಡುವವರು ಇದಕ್ಕೆ ಒಂದೇ ಹೆಸರು ಹೇಳುತ್ತಾರೆ: ಪಿಯಾನೊ ವೈರ್. ಪಿಯಾನೊ ನಮ್ಮ ಮನೆಗಳ ವಾದ್ಯವಲ್ಲ. ಆದರೆ ಮೈಸೂರು ವೀಣೆಯ ಊರು. ವೀಣೆ ಶೇಷಣ್ಣನವರು ನುಡಿಸಿದ ಊರು. ಪಿಯಾನೊಗೆ ಬೇಕಾದ ತಂತಿಯ ಗುಣವೇ ವೀಣೆಗೂ ಬೇಕಲ್ಲವೇ?

ಶ್ರುತಿಯಲ್ಲಿ ಅಡಗಿದ ಲೆಕ್ಕ

ವೀಣೆಯಲ್ಲಿ ಏಳು ತಂತಿ. ನುಡಿಸುವ ನಾಲ್ಕರಲ್ಲಿ ಸಾರಣಿ ಮತ್ತು ಪಂಚಮ ಉಕ್ಕಿನವು, ಮಂದ್ರ ಮತ್ತು ಅನುಮಂದ್ರಕ್ಕೆ ಹಿತ್ತಾಳೆಯಂಥ ಭಾರದ ತಂತಿ. ಸಾರಣಿಯ ದಪ್ಪ ಸುಮಾರು ಮಿಲಿಮೀಟರಿನ ಮೂರನೇ ಒಂದು ಭಾಗ. ಮೇರುವಿನಿಂದ ಕುದುರೆಯವರೆಗೆ ಅದರ ಉದ್ದ 80 ಸೆಂಟಿಮೀಟರಿನ ಆಸುಪಾಸು. ಅದನ್ನು ಸೆಕೆಂಡಿಗೆ 155 ಕಂಪನದ ಷಡ್ಜಕ್ಕೆ ಶ್ರುತಿ ಮಾಡಿದರೆ ತಂತಿಯ ಪ್ರತಿ ಚದರ ಮಿಲಿಮೀಟರಿನ ಮೇಲೆ ಸುಮಾರು 49 ಕಿಲೋ ಎಳೆತ ಬೀಳುತ್ತದೆ. ಇದರಲ್ಲಿ ಒಂದು ಸೋಜಿಗವಿದೆ. ಉದ್ದ ಮತ್ತು ಶ್ರುತಿ ಗೊತ್ತುಮಾಡಿದ ಮೇಲೆ ಈ ಎಳೆತಕ್ಕೂ ತಂತಿಯ ದಪ್ಪಕ್ಕೂ ಸಂಬಂಧವೇ ಇಲ್ಲ. ತಂತಿ ದಪ್ಪಗಾದಷ್ಟೂ ಭಾರ ಹೆಚ್ಚುತ್ತದೆ, ಅದೇ ಶ್ರುತಿಗೆ ತರಲು ಅಷ್ಟೇ ಹೆಚ್ಚು ಎಳೆಯಬೇಕು. ಆದ್ದರಿಂದ ದಪ್ಪ ತಂತಿ ಹಾಕಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ಲೋಹವೇ ಒಳ್ಳೆಯದಿರಬೇಕು. ಕಟ್ಟುವ ಮೆದು ಕಂಬಿ ಚದರ ಮಿಲಿಮೀಟರಿಗೆ 40 ಕಿಲೋ ಆಸುಪಾಸಿಗೇ ಹರಿದುಹೋಗುತ್ತದೆ. ಶ್ರುತಿ ಮುಟ್ಟುವುದಕ್ಕೂ ಅದಕ್ಕೆ ಸಾಧ್ಯವಿಲ್ಲ. ಅದರ ಮೇಲೆ ಗಮಕಕ್ಕಾಗಿ ಮೆಟ್ಟಿಲ ಮೇಲೆ ಎಳೆಯುವ ಎಳೆತ ಬೇರೆ.

ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವವರೊಬ್ಬರನ್ನು ಒಳ್ಳೆಯ ತಂತಿಯನ್ನು ಗುರುತಿಸುವುದು ಹೇಗೆಂದು ಕೇಳಿದೆ. "ಎಳೆದು ಬಿಟ್ಟ ಮೇಲೆ ಮತ್ತೆ ಅದೇ ಶ್ರುತೀಲಿ ಬಂದು ನಿಲ್ಲಬೇಕು ಸ್ವಾಮಿ. ನಿಲ್ಲದೆ ಇಳಿದುಹೋದ್ರೆ ಅದು ವೀಣೆಗಲ್ಲ, ಬೇಲಿಗೆ" ಎಂದರು. ಹುಕ್ ಅಳತೆಪಟ್ಟಿ ಹಿಡಿದು ಹೇಳಿದ್ದನ್ನು ಇವರು ಕಿವಿಯಿಂದ ಹೇಳುತ್ತಿದ್ದರು. ಎಳೆತ ತೆಗೆದಾಗ ಮೊದಲಿದ್ದಲ್ಲಿಗೇ ಮರಳುವ ತಂತಿಯೇ ವಿಮಾನದ ಕಾಲಿಗೂ ಬೇಕಾದದ್ದು. ನನ್ನ ಮಟ್ಟಿಗೆ ಈ ಹುಡುಕಾಟದಲ್ಲಿ ಬಾಗಿಲು ತೆರೆದದ್ದು ಆ ಮಾತಿನಲ್ಲಿ.

ಚನ್ನಪಟ್ಟಣದ ಉಕ್ಕಿನ ತಂತಿ

ಹಾಗಾದರೆ ಕಾರ್ಖಾನೆಗಳಿಲ್ಲದ ಕಾಲದಲ್ಲಿ ನಮ್ಮ ವೀಣೆಗೆ ಆ ತಂತಿ ಎಲ್ಲಿಂದ ಬರುತ್ತಿತ್ತು? ಉತ್ತರ ಇರುವುದು ಮೈಸೂರು–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಲು ಕಳಿಸಿತು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಆತ ಊರೂರು ಸುತ್ತಿದ. ಕಾವೇರಿಯ ತೆಂಕಣದ ನರಸೀಪುರ, ನಂಜನಗೂಡುಗಳ ಕಡೆಗೂ ಬಂದುಹೋದ. ಆತನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಚನ್ನಪಟ್ಟಣದ ವಿಷಯ ಬರುತ್ತದೆ. ಅಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುತ್ತಿದ್ದರು, ಅದಕ್ಕೆ ಬಹಳ ಬೇಡಿಕೆಯಿತ್ತು, ಭಾರತದ ದೂರದ ಭಾಗಗಳಿಗೂ ಹೋಗುತ್ತಿತ್ತು. 1877ರಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರೂ ಚನ್ನಪಟ್ಟಣದ ಹೆಸರುವಾಸಿ ಸರಕುಗಳ ಸಾಲಿನಲ್ಲಿ ಅರಗಿನ ಬಣ್ಣದ ಗೊಂಬೆ, ಗಾಜಿನ ಬಳೆಗಳ ಜೊತೆಗೆ ವಾದ್ಯದ ಉಕ್ಕಿನ ತಂತಿಯನ್ನೂ ಹೆಸರಿಸುತ್ತದೆ. ಗೊಂಬೆ ಉಳಿಯಿತು, ಊರಿಗೆ ಹೆಸರು ತಂದಿತು. ತಂತಿಯನ್ನು ನಾವು ಮರೆತೆವು.

ಆ ತಂತಿಯ ಹಿಂದೆ ಈ ನಾಡಿನ ಉಕ್ಕಿನ ಕಸುಬು ಇತ್ತು. ಮಾಗಡಿ ಸೀಮೆಯ ಕುಲುಮೆಗಳನ್ನು ಬುಕಾನನ್ ಕಣ್ಣಾರೆ ನೋಡಿ ಬರೆದಿದ್ದಾನೆ. ಅಂಗೈಯಗಲದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಆವರಿಕೆ ಎಂದೂ ಕರೆಯುವ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆ ಒಳಗೇ ಇದ್ದಿಲಾಗುತ್ತಿದ್ದವು. ಆ ಇಂಗಾಲ ಕಬ್ಬಿಣದೊಳಕ್ಕೆ ಇಳಿದು ಕಬ್ಬಿಣ ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಈ ಉಕ್ಕಿನ ಗುಟ್ಟು ಬಿಡಿಸಲು 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಎರಡು ದಶಕ ಕಳೆದ ಮೇಲೆ ಮೈಕೆಲ್ ಫ್ಯಾರಡೆಯೂ ಅದರ ಪರೀಕ್ಷೆಗೆ ಕೂತ. ನಮ್ಮ ದಾರಿಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತ ತಂಗಡಿ ಗಿಡ ಒಂದು ಕಾಲಕ್ಕೆ ಉಕ್ಕಿನ ಕಸುಬಿನ ಸಾಮಗ್ರಿಯಾಗಿತ್ತೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರಾದರೂ ಹೇಳಬೇಕು.

ಬರ್ಮಿಂಗ್‌ಹ್ಯಾಮಿನ ಸೀಸದ ತೊಟ್ಟಿ

ಉಕ್ಕಿನ ತಂತಿಯನ್ನು ಎಳೆದು ಸಣ್ಣ ಮಾಡುವುದರಲ್ಲಿ ಒಂದು ತೊಡಕಿದೆ. ಅಕ್ಕಸಾಲಿಗರು ಕಂಬಿಯನ್ನು ತೂತಿನ ಪಟ್ಟಿಯಲ್ಲಿ ಎಳೆದೆಳೆದು ಸಣ್ಣಗೆ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಪ್ರತಿ ಎಳೆತಕ್ಕೂ ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಇನ್ನೂ ಎಳೆದರೆ ತುಂಡಾಗುತ್ತದೆ. ಮೆದುಮಾಡಲು ಬೆಂಕಿಗೆ ಹಿಡಿದರೆ ಬಂದ ಗಟ್ಟಿತನವೂ ಹೋಗುತ್ತದೆ. ಗಟ್ಟಿತನ ಉಳಿದು ಪೆಡಸು ಮಾತ್ರ ಹೋಗುವ ಉಪಾಯ ಬೇಕಿತ್ತು.

ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲ್ 1854ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆ ದಾರಿ ಇಂದು ನಡೆಯುವುದು ಹೀಗೆ: ಉಕ್ಕಿನ ತಂತಿಯನ್ನು ಸುಮಾರು 900 ಡಿಗ್ರಿಗೆ ಕೆಂಪಗೆ ಕಾಯಿಸಿ, ಸುಮಾರು 500 ಡಿಗ್ರಿಯಲ್ಲಿ ಕರಗಿ ನಿಂತ ಸೀಸದ ತೊಟ್ಟಿಯೊಳಗೆ ಹಾಯಿಸುತ್ತಾರೆ. ನೀರಿಗದ್ದಿದರೆ ಗಾಜಿನಂತೆ ಒಡೆಯುವ ಉಕ್ಕು, ಗಾಳಿಗೆ ಬಿಟ್ಟರೆ ಒರಟಾಗುವ ಉಕ್ಕು, ಸೀಸದಲ್ಲಿ ಹದವಾಗಿ ತಣಿದು ಅತಿ ನವುರಾದ ಪದರಗಳಾಗಿ ಕೂಡಿಕೊಳ್ಳುತ್ತದೆ. ಆ ಪದರಗಳಿಂದಾಗಿ ಅದನ್ನು ತಣ್ಣಗಿರುವಾಗಲೇ ಮತ್ತೆ ಮತ್ತೆ ಎಳೆಯಬಹುದು, ಎಳೆದಷ್ಟೂ ಗಟ್ಟಿಯಾಗುತ್ತದೆ. ಪಿಯಾನೊ ಮಾಡುವವರು ಈ ತಂತಿಗೆ ಮುಗಿಬಿದ್ದರು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿನ ಹೊರಕವಚಕ್ಕೆ ಹಾರ್ಸ್‌ಫಾಲನ ಕಾರ್ಖಾನೆಯೇ 30,000 ಮೈಲು ತಂತಿ ಎಳೆದುಕೊಟ್ಟಿತು.

ಇಂದು ಪಿಯಾನೊ ವೈರ್ ಎಂದು ಸಿಗುವುದು ಈ ದಾರಿಯಲ್ಲೇ ತಯಾರಾದ ತಂತಿ. ಅದರಲ್ಲಿ ಇಂಗಾಲ ಶೇಕಡಾ 0.7ರಿಂದ 1ರವರೆಗೆ. ಎರಡು ಮಿಲಿಮೀಟರ್ ತಂತಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 200 ಕಿಲೋ ಎಳೆತ ತಡೆಯುತ್ತದೆ, ಜಿ.ಐ. ತಂತಿಯ ಐದು ಪಾಲು. ತಂತಿ ಸಣ್ಣಗಾದಷ್ಟೂ ಹೆಚ್ಚು ಎಳೆತ ಕಂಡಿರುವುದರಿಂದ ಚದರ ಮಿಲಿಮೀಟರಿನ ಶಕ್ತಿ ಇನ್ನೂ ಏರುತ್ತದೆ.

ವಿಮಾನ ತಂತಿಯನ್ನು ಕಂಡುಕೊಂಡದ್ದು

ದೊಡ್ಡ ವಿಮಾನಗಳೂ ಇದೇ ಪ್ರಶ್ನೆಯನ್ನು ಎದುರಿಸಿ ಬಂದವು. 1903ರ ರೈಟ್ ಸೋದರರ ವಿಮಾನಕ್ಕೆ ಗಾಲಿಯೇ ಇರಲಿಲ್ಲ, ಜಾರುವ ಮರದ ಹಲಗೆಗಳಿದ್ದವು. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೇರಿಯೊ ತನ್ನ ವಿಮಾನದ ಗಾಲಿಗಳಿಗೆ ರಬ್ಬರಿನ ಆಧಾರ ಕೊಟ್ಟಿದ್ದ. 1915ರ ಹೊತ್ತಿಗೆ ವಿಕರ್ಸ್ ಕಂಪನಿ ಎಣ್ಣೆ ಮತ್ತು ಗಾಳಿಯನ್ನು ಕೊಳವೆಯೊಳಗೆ ಒತ್ತುವ ಓಲಿಯೋ ಕಾಲನ್ನು ತಂದಿತು. ದೊಡ್ಡ ವಿಮಾನಗಳಲ್ಲಿ ಇಂದಿಗೂ ಇರುವುದು ಅದೇ ತತ್ವ. ಅಮೆರಿಕದ ಆಷ್‌ಕಾಷ್‌ನ ಸ್ಟೀವ್ ವಿಟ್ಮನ್ ಮಾತ್ರ ಬೇರೆ ದಾರಿ ಹಿಡಿದ. ಕೀಲು, ಕೊಳವೆ, ಎಣ್ಣೆ ಯಾವುದೂ ಬೇಡ, ಇಡೀ ಕಾಲೇ ಒಂದು ಸ್ಪ್ರಿಂಗ್ ಉಕ್ಕಿನ ಪಟ್ಟಿಯಾಗಿರಲಿ ಎಂದ. ಸೆಸ್ನಾ ಕಂಪನಿ ಅದನ್ನು ಒಪ್ಪಿಕೊಂಡು 1946ರ ಸೆಸ್ನಾ 140 ವಿಮಾನಕ್ಕೆ ಅಳವಡಿಸಿತು.

ಮಾದರಿ ವಿಮಾನದಲ್ಲಿ ಈ ಎರಡು ಮನೆತನಗಳೂ ಉಳಿದಿವೆ. ಒಂದು, ಬಗ್ಗಿಸಿದ ತಂತಿಯೇ ಕಾಲಾಗುವುದು. ಇನ್ನೊಂದು, ಒಂದರೊಳಗೊಂದು ಜಾರುವ ಎರಡು ಕೊಳವೆಗಳ ನಡುವೆ ಸುರುಳಿ ಸ್ಪ್ರಿಂಗ್ ಕೂರಿಸುವುದು. ಮೊದಲನೆಯದು ಸುಲಭ. ಒಂದು ಕಿಲೋ ವಿಮಾನಕ್ಕೆ 2.5ರಿಂದ 3 ಮಿಲಿಮೀಟರ್ ಪಿಯಾನೊ ತಂತಿ ಸಾಕು. ಬಗ್ಗಿಸುವಾಗ ಮೂಲೆ ಚೂಪಾಗದಂತೆ ತಂತಿಯ ದಪ್ಪದ ಎರಡು ಪಾಲಾದರೂ ತಿರುವು ಬಿಡಬೇಕು. ಜೋಡಿಸುವಲ್ಲಿ ತಾಮ್ರದ ಸಣ್ಣ ತಂತಿ ಸುತ್ತಿ ತವರದ ಬೆಸುಗೆ ಹಾಕಬೇಕು. ಕೆಂಪಗೆ ಕಾಯಿಸುವ ಬೆಸುಗೆಯನ್ನು ಎಂದಿಗೂ ಹಾಕಬಾರದು. ಕೆಂಪಗಾದ ಜಾಗದಲ್ಲಿ ಸೀಸದ ತೊಟ್ಟಿಯಲ್ಲೂ ಎಳೆತದಲ್ಲೂ ಬಂದ ಶಕ್ತಿಯೆಲ್ಲ ಅಳಿದು ತಂತಿ ಮತ್ತೆ ಮೆದು ಕಂಬಿಯಾಗುತ್ತದೆ.

ಸುರುಳಿ ಸುತ್ತುವ ಬಗೆ

ಜಾರುವ ಕಾಲಿಗೆ ಸುರುಳಿ ಮಾಡುವುದಕ್ಕೆ ಲೆಕ್ಕ ಬೇಕು. ಸುರುಳಿಯ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಸುರುಳಿಯ ವ್ಯಾಸದ ಮೂರನೇ ಘಾತಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ತಕ್ಕಂತೆ ಇಳಿಯುತ್ತದೆ. ತಂತಿ ಎರಡರಷ್ಟು ದಪ್ಪವಾದರೆ ಬಿಗಿ ಹದಿನಾರರಷ್ಟು, ಸುರುಳಿ ಎರಡರಷ್ಟು ಅಗಲವಾದರೆ ಬಿಗಿ ಎಂಟನೇ ಒಂದು. 1.2 ಮಿಲಿಮೀಟರ್ ತಂತಿಯ ಬದಲು 1 ಮಿಲಿಮೀಟರ್ ಹಾಕಿದರೆ ಸಾಕು, ಬಿಗಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ, ತಂತಿಯನ್ನು ಮೈಕ್ರೋಮೀಟರಿನಲ್ಲೇ ಅಳೆಯಬೇಕು.

ನಮ್ಮ ಒಂದು ಕಿಲೋ ವಿಮಾನಕ್ಕೆ ಲೆಕ್ಕ ಹೀಗೆ ಕೂಡಿಬರುತ್ತದೆ. ತಂತಿ 1.2 ಮಿಲಿಮೀಟರ್. ತಂತಿಯ ನಡುವಿನಿಂದ ನಡುವಿಗೆ ಅಳೆದ ಸುರುಳಿಯ ವ್ಯಾಸ 9 ಮಿಲಿಮೀಟರ್. ಕೆಲಸ ಮಾಡುವ ಸುತ್ತು 10, ತುದಿಗಳಲ್ಲಿ ಮುಚ್ಚಿದ ಸುತ್ತು ಒಂದೊಂದು. ಒತ್ತದೆ ಇದ್ದಾಗಿನ ಉದ್ದ 38 ಮಿಲಿಮೀಟರ್. ಇಂಥ ಸ್ಪ್ರಿಂಗನ್ನು 20 ಮಿಲಿಮೀಟರ್ ಒತ್ತಲು ಸುಮಾರು 5.7 ಕಿಲೋ ಬೇಕು, ಎರಡು ಕಾಲು ಸೇರಿದರೆ ಮೊದಲು ಹೇಳಿದ ಪೆಟ್ಟು ಪೂರ್ತಿ ಮುಗಿಯುತ್ತದೆ. ಆಗಲೂ ತಂತಿ ತನ್ನ ಗಡಿಯೊಳಗೇ ಇರುತ್ತದೆ. ಒಂದು ಸ್ಪ್ರಿಂಗಿಗೆ ಸುಮಾರು 34 ಸೆಂಟಿಮೀಟರ್ ತಂತಿ ಬೇಕು, ತೂಕ ಮೂರೇ ಗ್ರಾಂ.

ಸುತ್ತುವುದಕ್ಕೆ ಲೇತ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ವೈಸಿನಲ್ಲಿ ಕಚ್ಚಿಸಿದ ಹ್ಯಾಂಡ್ ಡ್ರಿಲ್ ಸಾಕು. ಸುರುಳಿಯ ಒಳವ್ಯಾಸ 7.8 ಮಿಲಿಮೀಟರ್ ಬೇಕೆಂದು 7.8 ಮಿಲಿಮೀಟರ್ ಸರಳಿಗೆ ಸುತ್ತಬಾರದು. ಕೈಬಿಟ್ಟ ಕೂಡಲೆ ತಂತಿ ಬಿಚ್ಚಿಕೊಂಡು ಸುರುಳಿ ಅಗಲವಾಗುತ್ತದೆ. ಸುಮಾರು 7 ಮಿಲಿಮೀಟರ್ ಸರಳು ಹಿಡಿದು ಶುರುಮಾಡಿ, ಒಂದೆರಡು ಸುತ್ತು ಸುತ್ತಿ ಅಳೆದು, ಸರಳನ್ನು ಬದಲಿಸಿಕೊಳ್ಳಬೇಕು. ತಂತಿಯ ಇನ್ನೊಂದು ತುದಿಯನ್ನು ಎರಡು ಮರದ ತುಂಡುಗಳ ನಡುವೆ ಬಿಗಿಯಾಗಿ ಹಿಡಿದಿರಬೇಕು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಕಡ್ಡಾಯ. ತಪ್ಪಿಸಿಕೊಂಡ ಪಿಯಾನೊ ತಂತಿಯ ತುದಿ ಕಣ್ಣಿಗೆ ಹೊಡೆದರೆ ಕಣ್ಣು ಉಳಿಯುವುದಿಲ್ಲ.

ಸುತ್ತಿದ ಮೇಲೆ ಇನ್ನೊಂದು ಕೆಲಸವಿದೆ. ಬಗ್ಗಿಸುವಾಗ ತಂತಿಯೊಳಗೆ ಉಳಿದ ಸೆಳೆತವನ್ನು ಸಡಿಲಿಸದಿದ್ದರೆ ಸ್ಪ್ರಿಂಗ್ ಕೆಲವೇ ಇಳಿತಗಳಲ್ಲಿ ಕುಗ್ಗಿಹೋಗುತ್ತದೆ. ಅಡುಗೆಮನೆಯ ಓವನ್ನಿನಲ್ಲಿ 230 ಡಿಗ್ರಿಗೆ ಅರ್ಧ ಗಂಟೆ ಇಟ್ಟು ಹಾಗೇ ಆರಲು ಬಿಟ್ಟರೆ ಆಯಿತು. ತಂತಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಬಂತೆಂದು ಅರ್ಥ. ಕೊನೆಗೆ ಎರಡೂ ತುದಿಗಳನ್ನು ಉಜ್ಜಿ ಚಪ್ಪಟೆ ಮಾಡಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಕೊಳವೆಯೊಳಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ.

ಪರೀಕ್ಷೆ ಹುಕ್‌ನದೇ. ಸ್ಪ್ರಿಂಗನ್ನು ನಿಲ್ಲಿಸಿ ಮೇಲೆ ಒಂದು ಕಿಲೋ ಬಟ್ಟು ಇಡಿ, 3.5 ಮಿಲಿಮೀಟರ್ ಕುಗ್ಗಬೇಕು. ಎರಡು ಕಿಲೋಗೆ 7, ಐದು ಕಿಲೋಗೆ 17.5. ತೂಕ ತೆಗೆದಾಗ 38 ಮಿಲಿಮೀಟರಿಗೇ ಬಂದು ನಿಲ್ಲಬೇಕು. ನಿಂತರೆ ಸ್ಪ್ರಿಂಗ್ ಆಯಿತು. ಇನ್ನು ಉಳಿದದ್ದು ಪುಟಿತ. ಸ್ಪ್ರಿಂಗ್ ನುಂಗಿದ ಪೆಟ್ಟನ್ನೆಲ್ಲ ಹಿಂದಕ್ಕೆ ಕೊಡುವುದರಿಂದ ವಿಮಾನ ಕುಪ್ಪಳಿಸುತ್ತದೆ. ವಿಕರ್ಸ್‌ನವರು ಎಣ್ಣೆ ತುಂಬಿದ್ದು ಅದನ್ನು ತಡೆಯಲಿಕ್ಕೇ. ಪುಟ್ಟ ಕಾಲಿನ ಕೊಳವೆಯೊಳಗೆ ಗಟ್ಟಿ ಗ್ರೀಸ್ ಹಚ್ಚಿದರೆ ಅದು ಕೊಂಚ ಮಟ್ಟಿಗೆ ಆ ಕೆಲಸ ಮಾಡುತ್ತದೆ.

ಶಾಲೆಗಳಿಗೊಂದು ಮಾತು

ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಲ್ಯಾಂಡಿಂಗ್ ಗೇರನ್ನು ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಆದರೆ ಹಾಗೆ ತಂದ ಕಾಲು ಮುರಿದರೆ ಮತ್ತೊಂದನ್ನು ತರಿಸುವುದಷ್ಟೇ ಗೊತ್ತಿರುತ್ತದೆ. ತಾನೇ ಸುತ್ತಿದ ಸ್ಪ್ರಿಂಗ್ ಮುರಿದಾಗ ಏಕೆ ಮುರಿಯಿತೆಂದು ಹುಡುಗನಿಗೂ ಹುಡುಗಿಗೂ ತಿಳಿಯುತ್ತದೆ. ತಿಳಿದವರು ಮುಂದೆ ಇಲ್ಲೇ ಹತ್ತಿರದ ತಾಂಡ್ಯದ ಕಾರ್ಖಾನೆಯಲ್ಲೋ ಬೆಂಗಳೂರಿನ ಎಚ್.ಎ.ಎಲ್.ನಲ್ಲೋ ತಲೆಯೆತ್ತಿ ಕೆಲಸ ಮಾಡುತ್ತಾರೆ. ದೇಶದ ದೂರದ ಊರುಗಳಿಗೆ ಉಕ್ಕಿನ ತಂತಿ ಎಳೆದು ಕಳಿಸಿದ ನಾಡಿನ ಮಕ್ಕಳಿಗೆ ಇದು ಹೊರಗಿನ ವಿದ್ಯೆಯೂ ಅಲ್ಲ.

ನಂಜನಗೂಡು ಮತ್ತು ತಿ. ನರಸೀಪುರದ ಪ್ರೌಢಶಾಲೆ, ಐ.ಟಿ.ಐ.ಗಳ ವಿಜ್ಞಾನ ಹಾಗೂ ವರ್ಕ್‌ಶಾಪ್ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹುಕ್‌ನ ನಿಯಮವನ್ನು ಹಲಗೆಯ ಮೇಲೆ ಬರೆದ ದಿನವೇ ಮಕ್ಕಳ ಕೈಗೆ ಒಂದು ಮೀಟರ್ ಪಿಯಾನೊ ತಂತಿ, ಒಂದು ಹ್ಯಾಂಡ್ ಡ್ರಿಲ್, ಒಂದು ಅಳತೆಪಟ್ಟಿ ಕೊಡಿ. ಎರಡು ಕಾಲಿಗೂ ಸ್ಪ್ರಿಂಗ್ ಆಗುವಷ್ಟು ತಂತಿ ಅದು. ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳನ್ನು ಓದಿ, ಮಂಡಕಳ್ಳಿ ನಿಲ್ದಾಣ ಹತ್ತಿರವೇ ಇರುವುದರಿಂದ ನಿಮ್ಮ ಬಯಲು ಯಾವ ವಲಯದಲ್ಲಿದೆ ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ವಿಮಾನ ಸದಾ ಕಣ್ಣಳತೆಯೊಳಗೇ ಇರಲಿ. ಮಿಕ್ಕದ್ದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.